ಜಿಮ್ನಿ: ಕೆಡುವುದೇ ಇಲ್ಲ ಎನ್ನುವವರು, ಕೆಟ್ಟೇ ಇರುತ್ತದೆ ಎನ್ನುವವರು

ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡಬಲ್ಲ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿ ಸುಜುಕಿ ಜಿಮ್ನಿ ಇಟ್ಟುಕೊಂಡಿರುವ ಇಬ್ಬರನ್ನು ಬೇರೆ ಬೇರೆಯಾಗಿ ಮಾತನಾಡಿಸಿ ನೋಡಿ. ಒಬ್ಬರು, ಇದು ಕೆಡುವ ಗಾಡಿಯೇ ಅಲ್ಲ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ವೇಗ ಎಪ್ಪತ್ತು ದಾಟಿದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ, ಬೇಕೆಂದಾಗ ಫೋರ್ ವೀಲ್ ಬೀಳುವುದಿಲ್ಲ, ತಳವೆಲ್ಲ ತುಕ್ಕು ಎಂದು ಪಟ್ಟಿ ಒಪ್ಪಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೊದಲಿನವರು ಎಂಜಿನ್‌ನ ಮಾತಾಡುತ್ತಿದ್ದಾರೆ, ಎರಡನೆಯವರು ಮುಂದಿನ ಆ್ಯಕ್ಸಲ್‌ನ ಮಾತಾಡುತ್ತಿದ್ದಾರೆ. ಈ ಗಾಡಿಯ ಗುಣದೋಷ ಇಷ್ಟರಲ್ಲೇ ಮುಕ್ಕಾಲು ಪಾಲು ಮುಗಿಯಿತು. ಉಳಿದ ಕಾಲು ಪಾಲಿನಲ್ಲಿ ಮಾಲೀಕರದೇ ಕೈವಾಡ.

ಭೂಮಾಪನ ನನ್ನ ವೃತ್ತಿ. ದೂರ, ಕೋನ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ, ಅದರ ಮುಕ್ಕಾಲಿ, ಪ್ರಿಸಂ ಕೋಲು, ಗೂಟಗಳ ಚೀಲ, ಒಬ್ಬ ಸಹಾಯಕ: ಇಷ್ಟನ್ನು ಹೊತ್ತುಕೊಂಡು ರಸ್ತೆ ಮುಗಿಯುವ ಕಡೆಯಿಂದ ಮುಂದಕ್ಕೆ ಹೋಗಬೇಕು. ದೊಡ್ಡ ಫೋರ್ ವೀಲ್ ಡ್ರೈವ್‌ಗಳನ್ನು ಓಡಿಸಿದ್ದೇನೆ. ಶಕ್ತಿಗೇನೂ ಕಡಿಮೆಯಿಲ್ಲ, ಆದರೆ ಎರಡು ಮರಗಳ ನಡುವೆ ಅವು ತೂರುವುದಿಲ್ಲ, ಕಿರಿದಾದ ಏರಿಯ ಮೇಲೆ ತಿರುಗಿಸಲೂ ಆಗುವುದಿಲ್ಲ. ಹಾಗಾಗಿ ಹಳೆಯ ಜಿಮ್ನಿಯೊಂದನ್ನು ಕೊಂಡೆ. 1998ರಿಂದ 2018ರವರೆಗೆ ತಯಾರಾದ ಮೂರನೆಯ ತಲೆಮಾರಿನದು, 1.3 ಲೀಟರ್ ಪೆಟ್ರೋಲ್ ಎಂಜಿನ್‌ನದು, ಗುಂಡಿ ಒತ್ತಿ ಫೋರ್ ವೀಲ್ ಹಾಕುವ ಬಗೆಯದು. ಹೊಸತನ್ನು ಸಹೋದ್ಯೋಗಿಯೊಬ್ಬರು ಇಟ್ಟುಕೊಂಡಿದ್ದಾರೆ. ಅದನ್ನೂ ಸಾಕಷ್ಟು ಓಡಿಸಿರುವುದರಿಂದ ಎರಡರ ಬಗ್ಗೆಯೂ ಹೇಳಬಲ್ಲೆ.

ಮೊದಲು ಎಂಜಿನ್. ಎಂ13ಎ ಎಂದು ಕರೆಯುವ ಈ 1328 ಸಿಸಿ ಎಂಜಿನ್‌ನಲ್ಲಿ ಹೊಗಳಿಕೊಳ್ಳುವಂಥದ್ದು ಏನೂ ಇಲ್ಲ, ಅದೇ ಅದರ ದೊಡ್ಡ ಗುಣ. ಟರ್ಬೊ ಇಲ್ಲ, ಬಿಗಿಯಾಗಿ ತುರುಕಿದ ಯಂತ್ರಭಾಗಗಳಿಲ್ಲ, ಬಾನೆಟ್ ಎತ್ತಿದರೆ ನೆಲ ಕಾಣುವಷ್ಟು ಜಾಗ. ಟೈಮಿಂಗ್‌ಗೆ ಬೆಲ್ಟ್ ಬದಲು ಚೈನ್ ಇದೆ. ಇದಕ್ಕೂ ಮೊದಲಿನ ಜಿ13ಬಿಬಿ ಎಂಜಿನ್‌ನಲ್ಲಿ ಬೆಲ್ಟ್ ಇತ್ತು, ಅದನ್ನು ಅವಧಿಗೆ ಸರಿಯಾಗಿ ಬದಲಿಸಲೇಬೇಕು. ಹಾಗಾಗಿ ಮೊದಮೊದಲ ವರ್ಷಗಳ ಗಾಡಿ ಕೊಳ್ಳುವವರು ಎಂಜಿನ್ ಯಾವುದೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಚೈನ್ ಇದ್ದರೂ ಆಯಿಲ್ ಬದಲಿಸದೆ ಬಿಟ್ಟರೆ ಅದು ಸಡಿಲವಾಗಿ ತಣ್ಣನೆಯ ಎಂಜಿನ್ ಶುರುವಾಗುವಾಗ ಗಲಗಲ ಎನ್ನುತ್ತದೆ. ಇಷ್ಟು ನೋಡಿಕೊಂಡರೆ ಎಂಜಿನ್‌ನ ಬಗ್ಗೆ ಮಾತನಾಡಲು ವಿಷಯವೇ ಉಳಿಯುವುದಿಲ್ಲ. ಪಿಕ್‌ಅಪ್ ಬೇಕೆನ್ನುವವರು ಬೇರೆ ಗಾಡಿ ನೋಡಬಹುದು. ಏರು ಬಂದರೆ ಗೇರ್ ಇಳಿಸಬೇಕು, ಹಿಂದಿನವರಿಗೆ ದಾರಿ ಬಿಡಬೇಕು.

ಇನ್ನು ಮುಂದಿನ ಆ್ಯಕ್ಸಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಜಿಮ್ನಿಯ ಮೇಲಿನ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ.

ಈಗಿನ ಬಹುತೇಕ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಮೇಲೆ ಕೆಳಗೆ ಆಡುತ್ತವೆ. ಜಿಮ್ನಿಯಲ್ಲಿ ಹಾಗಲ್ಲ. ಹಿಂದೆಯೂ ಮುಂದೆಯೂ ಲಾರಿಗಿರುವಂತೆ ಇಡೀ ಅಡ್ಡಕ್ಕೆ ಒಂದೇ ಗಟ್ಟಿ ಆ್ಯಕ್ಸಲ್. ಒಂದು ಚಕ್ರ ಬಂಡೆ ಹತ್ತಿದರೆ ಇನ್ನೊಂದು ತಾನಾಗಿ ನೆಲಕ್ಕೆ ಒತ್ತಿಕೊಳ್ಳುತ್ತದೆ. ಕೆಟ್ಟ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಚಕ್ರ ಎಡಬಲಕ್ಕೆ ತಿರುಗಲು ಆ ಆ್ಯಕ್ಸಲ್‌ನ ಎರಡು ತುದಿಗಳಲ್ಲೂ ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗ್ ಇರುತ್ತದೆ. ಅವು ಸವೆದು ಬಿಗಿ ಕಳೆದುಕೊಂಡರೆ ಒಂದು ವೇಗದಲ್ಲಿ, ಸಾಮಾನ್ಯವಾಗಿ ಅರವತ್ತರಿಂದ ಎಂಬತ್ತರ ನಡುವೆ, ಸಣ್ಣದೊಂದು ಗುಂಡಿ ಸಿಕ್ಕರೂ ಸಾಕು, ಮುಂದಿನ ಚಕ್ರಗಳೆರಡೂ ಒಟ್ಟಿಗೆ ಎಡಬಲಕ್ಕೆ ಒದರಿಕೊಳ್ಳಲು ಶುರುಮಾಡುತ್ತವೆ. ವೇಗ ತಗ್ಗಿಸುವವರೆಗೂ ಆ ನಡುಕ ನಿಲ್ಲುವುದಿಲ್ಲ. ಮೊದಲ ಸಲ ಅನುಭವಿಸಿದವರು ಚಕ್ರವೇ ಕಳಚಿಹೋಯಿತೆಂದು ಬೆಚ್ಚುತ್ತಾರೆ.

ಈ ನಡುಕಕ್ಕೆ ಒಂದೇ ಕಾರಣವಿದ್ದಿದ್ದರೆ ಇಷ್ಟೊಂದು ಜಗಳ ಇರುತ್ತಿರಲಿಲ್ಲ. ಚಕ್ರದ ಬ್ಯಾಲೆನ್ಸಿಂಗ್ ಸರಿಯಿಲ್ಲದಿರಬಹುದು, ಟೈರ್ ಓರೆಯಾಗಿ ಸವೆದಿರಬಹುದು, ಆ್ಯಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್‌ನ ಬುಷ್ ಹೋಗಿರಬಹುದು, ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್‌ನ ತುದಿ ಸಡಿಲವಾಗಿರಬಹುದು. ಸಾಮಾನ್ಯವಾಗಿ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಸೇರಿಕೊಂಡಿರುತ್ತವೆ. ಬ್ಯಾಲೆನ್ಸಿಂಗ್ ಮಾಡಿಸಿದ ಕೂಡಲೇ ನಡುಕ ಅಡಗಿ, ಕೆಲವು ವಾರ ಕಳೆದ ಮೇಲೆ ಮತ್ತೆ ಬಂದರೆ ಬ್ಯಾಲೆನ್ಸಿಂಗ್ ಬರೀ ನೆಪ, ರೋಗ ಬೇರೆ ಇದೆ ಎಂದು ತಿಳಿಯಬೇಕು.

ನನ್ನ ಗಾಡಿಯ ಹಿಂದಿನ ಮಾಲೀಕರು ಆ ಬೇರಿಂಗ್‌ಗಳ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಕೊಂಡ ಹೊಸತರಲ್ಲಿ ಒಂದು ಗ್ಯಾರೇಜಿಗೆ ಒಯ್ದಾಗ ಅಲ್ಲಿಯ ಮೆಕ್ಯಾನಿಕ್ ಚಕ್ರವನ್ನೂ ಎತ್ತಿ ನೋಡದೆ ಸ್ಟೀರಿಂಗ್ ಡ್ಯಾಂಪರ್ ಹಾಕಿ ಕಳಿಸಿದರು. ಡ್ಯಾಂಪರ್ ಎಂದರೆ ಸ್ಟೀರಿಂಗ್‌ಗೆ ಅಡ್ಡಲಾಗಿ ಕಟ್ಟುವ ಸಣ್ಣ ಶಾಕ್ ಅಬ್ಸಾರ್ಬರ್. ನಡುಕ ಕೈಗೆ ತಿಳಿಯದಂತೆ ಮಾಡುತ್ತದೆಯೇ ಹೊರತು ಸವೆದ ಬೇರಿಂಗನ್ನು ಅದು ಏನೂ ಮಾಡುವುದಿಲ್ಲ. ಜ್ವರ ಅಳೆಯುವ ಬದಲು ಥರ್ಮಾಮೀಟರನ್ನೇ ಒಡೆದು ಹಾಕಿದಂಥ ಚಿಕಿತ್ಸೆ. ಅದಕ್ಕೂ ಬಿಲ್ ಬಂತು. ಇನ್ನೊಂದು ಕಡೆಯ ಹಿರಿಯ ಮೆಕ್ಯಾನಿಕ್ ಮಾಡಿದ್ದೇ ಬೇರೆ. ಜ್ಯಾಕ್ ಹಾಕಿ ಚಕ್ರವನ್ನು ನೆಲದಿಂದ ಬಿಡಿಸಿದರು. ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಚಕ್ರವನ್ನು ಅಲ್ಲಾಡಿಸಿದರು. ನನ್ನನ್ನು ಒಳಗೆ ಕೂರಿಸಿ ಬ್ರೇಕ್ ತುಳಿಯಿರಿ ಎಂದು ಮತ್ತೆ ಅಲ್ಲಾಡಿಸಿದರು. ಬ್ರೇಕ್ ತುಳಿದಾಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು, ತುಳಿದರೂ ಆಟ ಉಳಿದರೆ ಕಿಂಗ್‌ಪಿನ್‌ನದು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಹಳೆಯ ಜಿಮ್ನಿ ಕೊಳ್ಳುವ ಪ್ರತಿಯೊಬ್ಬರೂ ಮಾಡಿಸಬೇಕು. ಹೊಸ ಬೇರಿಂಗ್ ಕೂರಿಸಿದ ಮೇಲೆ ಅವರು ಕಿಂಗ್‌ಪಿನ್ ಮೇಲೆ ಚಕ್ರದ ಜೊತೆ ತಿರುಗುವ ನಕಲ್ ಎಂಬ ಭಾಗಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ತಿರುಗಿಸಲು ಎಷ್ಟು ಎಳೆತ ಬೇಕೆಂದು ಅಳೆದು, ಬಿಗಿಯನ್ನು ಹೊಂದಿಸಿದರು. ಅಳತೆಯಲ್ಲೇ ಹೊಟ್ಟೆ ಹೊರೆಯುವವರಿಗೆ ಇಂಥದ್ದನ್ನು ಕಂಡರೆ ಗೌರವ ಬರದಿರುತ್ತದೆಯೇ?

ಬೇರಿಂಗ್ ಸವೆಯುವುದಕ್ಕೆ ವಯಸ್ಸಿನ ಜೊತೆ ಇನ್ನೊಂದು ಕಾರಣವಿದೆ. ಆ್ಯಕ್ಸಲ್ ಒಳಗಿನ ಆಯಿಲ್ ಸೀಲ್ ಹಳತಾದರೆ ಗೇರ್ ಆಯಿಲ್ ಒಸರಿ ನಕಲ್‌ನೊಳಗೆ ಸೇರುತ್ತದೆ. ಅಲ್ಲಿದ್ದ ಗಟ್ಟಿ ಗ್ರೀಸ್ ತೆಳ್ಳಗಿನ ಕಪ್ಪು ಗಂಜಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಚಕ್ರದ ಒಳಮೈಯಲ್ಲಿ ಆ ಕಪ್ಪು ಜಿಡ್ಡು ಕಂಡರೆ ಬರೀ ಸೋರಿಕೆ ಎಂದು ಒರೆಸಿ ಸುಮ್ಮನಾಗಬಾರದು. ಅದು ಬೇರಿಂಗ್‌ಗೆ ಗ್ರೀಸ್ ಸಿಗುತ್ತಿಲ್ಲವೆಂಬುದರ ಸುಳಿವು.

ಎರಡನೆಯ ದೊಡ್ಡ ದೂರು: ಬೇಕಾದಾಗ ಫೋರ್ ವೀಲ್ ಬೀಳುವುದಿಲ್ಲ. ಗುಂಡಿಯ ಜಿಮ್ನಿಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯಬೇಕು. ಒಂದು ಸಣ್ಣ ಮೋಟಾರ್, ಎಂಜಿನ್ ಬಲವನ್ನು ಮುಂದಿನ ಹಿಂದಿನ ಆ್ಯಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೆ ಗೇರ್ ಸರಿಸುತ್ತದೆ. ಇತ್ತ ಎಂಜಿನ್ ಎಳೆಯುವ ವ್ಯಾಕ್ಯೂಮ್ ತೆಳ್ಳಗಿನ ರಬ್ಬರ್ ಕೊಳವೆಗಳಲ್ಲಿ ಸಾಗಿ ಮುಂದಿನ ಚಕ್ರಗಳ ನಡುವಿನ ಹಬ್‌ಗಳನ್ನು ಶಾಫ್ಟಿಗೆ ಲಾಕ್ ಮಾಡುತ್ತದೆ. ಕೊಳವೆ ಎಲ್ಲಿಯಾದರೂ ಬಿರಿದಿದ್ದರೆ ಅಥವಾ ಹಬ್‌ನ ಸೀಲ್ ಹೋಗಿದ್ದರೆ ಗಾಳಿ ನುಗ್ಗಿ ಹಬ್ ಲಾಕ್ ಆಗುವುದಿಲ್ಲ. ಡ್ಯಾಶ್‌ಬೋರ್ಡಿನ ಹಸಿರು ದೀಪ ಸ್ಥಿರವಾಗಿ ಉರಿಯುವ ಬದಲು ಮಿಣುಕುತ್ತಲೇ ಇರುತ್ತದೆ. ಟ್ರಾನ್ಸ್‌ಫರ್ ಕೇಸ್ ತನ್ನ ಪಾಡಿಗೆ ತಿರುಗಿಸುತ್ತಿರುತ್ತದೆ, ಚಕ್ರಕ್ಕೆ ಮಾತ್ರ ಸುದ್ದಿ ಮುಟ್ಟಿರುವುದಿಲ್ಲ.

ರಬ್ಬರ್ ಕೊಳವೆ ಎಂದ ಮೇಲೆ ಹಳತಾಗುತ್ತದೆ, ಬಿರಿಯುತ್ತದೆ. ಆದರೆ ಕೆಸರಿನಲ್ಲಿ ಹೂತ ಮೇಲೇ ಅದು ಗೊತ್ತಾಗುವುದೇಕೆ? ಮಾಲೀಕರು ಗುಂಡಿಯನ್ನು ಅಲ್ಲಿಯವರೆಗೂ ಮುಟ್ಟಿರುವುದಿಲ್ಲ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ನೇರವಾಗಿ ಒಂದಷ್ಟು ದೂರ ಫೋರ್ ವೀಲ್‌ನಲ್ಲಿ ಓಡಿಸಿದರೆ ಒಳಗಿನ ಭಾಗಗಳಿಗೆ ಎಣ್ಣೆಯೂ ಸಿಗುತ್ತದೆ, ರೋಗವೂ ಮನೆಯ ಹತ್ತಿರವೇ ಪತ್ತೆಯಾಗುತ್ತದೆ. ಕೆಲವರು ಈ ವ್ಯಾಕ್ಯೂಮ್ ಸಹವಾಸವೇ ಬೇಡವೆಂದು ಕೈಯಿಂದ ತಿರುಗಿಸಿ ಲಾಕ್ ಮಾಡುವ ಹಬ್ ಹಾಕಿಸಿಕೊಳ್ಳುತ್ತಾರೆ. ಕೆಸರಿಗೆ ಇಳಿಯುವ ಮೊದಲು ಗಾಡಿಯಿಂದ ಕೆಳಗಿಳಿಯಬೇಕಾಗುತ್ತದೆ ಎಂಬುದನ್ನು ಬಿಟ್ಟರೆ ಅದರಲ್ಲಿ ತಪ್ಪೇನಿಲ್ಲ.

ಮಣ್ಣಿನ ದಾರಿ ಎಂದು ಒತ್ತಿ ಹೇಳುವುದಕ್ಕೂ ಕಾರಣವಿದೆ. ಜಿಮ್ನಿಯಲ್ಲಿ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು, ಆದರೆ ಫೋರ್ ವೀಲ್ ಹಾಕಿದಾಗ ಎರಡೂ ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ. ಸಡಿಲ ನೆಲದಲ್ಲಿ ಚಕ್ರ ತುಸು ಜಾರಿ ಲೆಕ್ಕ ಸರಿಹೋಗುತ್ತದೆ. ಒಣಗಿದ ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದೆ ಆ ಒತ್ತಡವೆಲ್ಲ ಶಾಫ್ಟ್, ಗೇರ್‌ಗಳ ಮೇಲೆ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸ್ ಕೊರೆಯುತ್ತದೆ, ಒದರುತ್ತದೆ ಎಂದು ದೂರುವವರನ್ನು ಎಲ್ಲಿ ಫೋರ್ ವೀಲ್ ಹಾಕುತ್ತೀರಿ ಎಂದು ಕೇಳಿ ನೋಡಿ. ಹಿಡಿತ ಚೆನ್ನಾಗಿರಲಿ ಎಂದು ಹೆದ್ದಾರಿಯಲ್ಲೂ ಹಾಕಿಕೊಳ್ಳುತ್ತೇವೆ ಎಂಬ ಉತ್ತರ ಬಂದರೆ ಮುಂದೆ ಮಾತು ಬೆಳೆಸುವ ಅಗತ್ಯವಿಲ್ಲ.

ಮೂರನೆಯದು ತುಕ್ಕು. ಇದಕ್ಕೆ ಸಮಜಾಯಿಷಿ ಇಲ್ಲ. ಹಿಂದಿನ ಚಕ್ರಗಳ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ನೆಲ, ಹೆಡ್‌ಲೈಟ್ ಹಿಂಬದಿಯ ತಗಡು: ಈ ಜಾಗಗಳಲ್ಲಿ ಕೆಸರು ಕೂತು ಒಣಗದೆ ಕೊರೆಯುತ್ತದೆ. ಹಿಮಕ್ಕೆ ಉಪ್ಪು ಹಾಕುವ ರಸ್ತೆಗಳಲ್ಲೂ ಕಡಲಿನ ಬದಿಯಲ್ಲೂ ಓಡಿದ ಗಾಡಿಗಳ ಕಥೆ ಹೇಳಲೇಬೇಕಾಗಿಲ್ಲ. ಎಂಜಿನ್ ಗಟ್ಟಿಯಾಗಿರುವಾಗಲೇ ಮೈ ಕರಗಿ ಗುಜರಿಗೆ ಹೋದ ಜಿಮ್ನಿಗಳು ಎಷ್ಟೋ ಇವೆ. ತಳಕ್ಕೆ ಮೇಣದಂಥ ರಕ್ಷಣಾಲೇಪ ಬಳಿಸುವುದು, ಕೆಸರಿನಿಂದ ಬಂದ ದಿನವೇ ಕಮಾನುಗಳೊಳಗೆ ನೀರು ಹೊಡೆಯುವುದು, ಇವೆರಡರ ಹೊರತು ಬೇರೆ ಉಪಾಯವಿಲ್ಲ.

ಇವಲ್ಲದೆ ಮಾಲೀಕರೇ ದುಡ್ಡು ಕೊಟ್ಟು ತರಿಸಿಕೊಳ್ಳುವ ರೋಗಗಳಿವೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ಗಾಡಿ ಎತ್ತರ ಕಾಣಲಿ ಎಂದು ಉದ್ದದ ಸ್ಪ್ರಿಂಗ್, ದೊಡ್ಡ ಟೈರ್ ಹಾಕಿಸುತ್ತಾರೆ. ಮೈ ಮೇಲೆದ್ದರೆ ಮುಂದಿನ ಆ್ಯಕ್ಸಲ್ ತನ್ನನ್ನು ಹಿಡಿದಿರುವ ತೋಳುಗಳ ಜೊತೆ ತುಸು ತಿರುಗಿಕೊಳ್ಳುತ್ತದೆ, ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದು ಆ ಕೋನದಿಂದಲೇ. ಅದು ಹೋದರೆ ಗಾಡಿ ರಸ್ತೆಯಲ್ಲಿ ಅಲೆಯುತ್ತದೆ, ನಡುಕಕ್ಕೂ ಬಾಗಿಲು ತೆರೆದಂತಾಗುತ್ತದೆ. ಆ್ಯಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಗುಂಯ್ ಎನ್ನುವ ಕಂಪನ ಸೇರುತ್ತದೆ. ದೊಡ್ಡ ಟೈರ್ ತಿರುಗಿಸಲು ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. ಕ್ಯಾಸ್ಟರ್ ಸರಿಪಡಿಸುವ ಬುಷ್‌ಗಳು ಸಿಗುತ್ತವೆ, ಆದರೆ ಟೈರಿಗೆ ಸುರಿದ ಹಣದಲ್ಲಿ ಬುಷ್‌ಗೆಂದು ಎತ್ತಿಡುವವರು ಕಡಿಮೆ. ಕೊನೆಗೆ, ಜಿಮ್ನಿ ನಂಬುವ ಗಾಡಿಯಲ್ಲ ಎಂಬ ತೀರ್ಪು ಹೊರಬೀಳುತ್ತದೆ.

ಗಾಡಿಯ ಹೆಸರು ಕೆಡುವುದು ಎಷ್ಟು ಸುಲಭವೆಂಬುದನ್ನು ಸುಜುಕಿಯವರು ಒಮ್ಮೆ ಚೆನ್ನಾಗಿ ಅನುಭವಿಸಿದ್ದಾರೆ. 1970ರಲ್ಲಿ ಜಪಾನಿನಲ್ಲಿ ಬಂದ ಮೊದಲ ಜಿಮ್ನಿ, ಎಲ್‌ಜೆ10, 359 ಸಿಸಿ ಎರಡು ಸ್ಟ್ರೋಕಿನ ಎಂಜಿನ್ ಹೊತ್ತ ಪುಟ್ಟ ಗಾಡಿ. ಪುಟ್ಟ ಕಾರುಗಳ ಉದ್ದ ಮೂರು ಮೀಟರ್ ದಾಟಬಾರದೆಂಬ ಅಲ್ಲಿಯ ಕಾನೂನಿಗಾಗಿ ಸ್ಟೆಪ್ನಿಯನ್ನು ಒಳಗೇ ಇಟ್ಟು ಮೂರೇ ಸೀಟು ಉಳಿಸಿಕೊಂಡಿತ್ತು. ಎಂಬತ್ತರ ದಶಕದ ಎರಡನೆಯ ತಲೆಮಾರು ಲೋಕವೆಲ್ಲ ಸುತ್ತಿತು. ಭಾರತದಲ್ಲಿ 1985ರಿಂದ ಜಿಪ್ಸಿಯಾಗಿ ಹೆಸರು ಮಾಡಿದ್ದೂ ಅದರದೇ ಉದ್ದನೆಯ ರೂಪ. ಅಮೆರಿಕದಲ್ಲಿ ಅದು ಸಮುರಾಯ್. 1988ರಲ್ಲಿ ಅಲ್ಲಿಯ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ, ಥಟ್ಟನೆ ಪಕ್ಕಕ್ಕೆ ತಿರುಗಿಸಿದರೆ ಈ ಗಾಡಿ ಮಗುಚಬಲ್ಲದು ಎಂದು ‘ಸ್ವೀಕಾರಾರ್ಹವಲ್ಲ’ ಎಂಬ ದರ್ಜೆ ಕೊಟ್ಟಿತು. ಗಾಡಿಗಳನ್ನು ವಾಪಸ್ ಕರೆಸಬೇಕೆಂಬ ಅರ್ಜಿಯನ್ನು ಅದೇ ವರ್ಷ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ತಳ್ಳಿಹಾಕಿತು. ಆದರೂ ಮಾರಾಟ ಮತ್ತೆ ಮೇಲೇಳಲಿಲ್ಲ, 1995ರಲ್ಲಿ ಅಲ್ಲಿ ಮಾರುವುದನ್ನೇ ನಿಲ್ಲಿಸಿದರು. ಪರೀಕ್ಷೆಯನ್ನೇ ಬೇಕೆಂದು ಹಾಗೆ ನಡೆಸಲಾಗಿದೆ ಎಂದು 1996ರಲ್ಲಿ ಸುಜುಕಿ ಮೊಕದ್ದಮೆ ಹೂಡಿತು. 2004ರಲ್ಲಿ ಯಾರೂ ಯಾರಿಗೂ ಹಣ ಕೊಡದೆ ರಾಜಿಯಾಯಿತು. ಆ ಹೊತ್ತಿಗೆ ಆ ದೇಶದಲ್ಲಿ ಮಾರಲು ಸಮುರಾಯ್ ಉಳಿದಿರಲೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಪತ್ರಿಕೆಯ ಎಚ್ಚರಿಕೆಯಲ್ಲೂ ಹುರುಳಿತ್ತು. ಎತ್ತರದ, ಕಿರಿದಾದ, ಗಿಡ್ಡ ವೀಲ್‌ಬೇಸ್‌ನ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದ) ಗಾಡಿಯನ್ನು ಹೆದ್ದಾರಿಯಲ್ಲಿ ಸಾಮಾನ್ಯ ಕಾರಿನಂತೆ ಹೊರಳಿಸಿದರೆ ಅದು ಒಪ್ಪುವುದಿಲ್ಲ. ನಾನು ಈಗಲೂ ಒದ್ದೆ ರಸ್ತೆಯ ತಿರುವಿನಲ್ಲಿ ಮೊದಲೇ ವೇಗ ಇಳಿಸುತ್ತೇನೆ. ಅದೇ ಸಣ್ಣ ಮೈ ಬೇರೆ ಕಡೆ ಏನು ಮಾಡಬಲ್ಲದು ಎಂಬುದಕ್ಕೂ ಸಾಕ್ಷಿಯಿದೆ: 2007ರಲ್ಲಿ ಚಿಲಿಯ ಓಹೋಸ್ ದೆಲ್ ಸಲಾದೊ ಜ್ವಾಲಾಮುಖಿಯ ಮೇಲೆ 6,688 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿದ್ದು ಮಾರ್ಪಡಿಸಿದ ಒಂದು ಸಮುರಾಯ್.

2018ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಜಿಮ್ನಿಯನ್ನು ರೂಪಿಸಿದವರು ಹಳೆಯ ದೂರುಗಳನ್ನು ಓದಿಕೊಂಡೇ ಕೂತಂತಿದೆ. ಗುಂಡಿ ಹೋಗಿ ಕೈಯಿಂದ ಎಳೆಯುವ ಲಿವರ್ ವಾಪಸ್ ಬಂದಿದೆ. ಸ್ಟೀರಿಂಗ್ ಡ್ಯಾಂಪರ್ ಕಾರ್ಖಾನೆಯಿಂದಲೇ ಇದೆ. ಚಾಸಿಯ ನಡುವೆ ಎಕ್ಸ್ ಆಕಾರದ ಅಡ್ಡಪಟ್ಟಿ ಸೇರಿಸಿ ಬಿಗಿ ಹೆಚ್ಚಿಸಿದ್ದಾರೆ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುವ ವ್ಯವಸ್ಥೆಯಿದೆ. ನನ್ನ ಗಾಡಿ ಒಂದು ಚಕ್ರ ಗಾಳಿಗೆತ್ತಿಕೊಂಡು ಸುಮ್ಮನೆ ನಿಲ್ಲುವ ಕಡೆ ಸಹೋದ್ಯೋಗಿಯದು ಟಕಟಕ ಸದ್ದು ಮಾಡುತ್ತಾ ಮೆಲ್ಲಗೆ ಹತ್ತಿಹೋಗುತ್ತದೆ. ಮೈ ನೆಲಕ್ಕೆ ತಾಗದೆ ದಾಟಬಹುದಾದ ಏರುತಗ್ಗಿನ ಕೋನ ಎದುರಿಗೆ 37 ಡಿಗ್ರಿ, ಹಿಂದೆ 49 ಡಿಗ್ರಿ, ನಡುವೆ 28 ಡಿಗ್ರಿ: ನೆಲ ಅಳೆಯುವವರಿಗೆ ಈ ಕೋನಗಳೇ ಸಾಕು, ಜಾಹೀರಾತಿನ ಬಂಡೆಗಳು ಬೇಕಿಲ್ಲ. 1462 ಸಿಸಿ ಎಂಜಿನ್ ಹಳೆಯದರಷ್ಟೇ ಸರಳ, ಅದರಷ್ಟೇ ನಿಧಾನ.

ಆದರೆ ವೀಲ್‌ಬೇಸ್ ಈಗಲೂ ಅದೇ 2,250 ಮಿಲಿಮೀಟರ್. ಹಿಂದಿನ ಸೀಟು ನೆಟ್ಟಗಿಟ್ಟರೆ ಡಿಕ್ಕಿಯಲ್ಲಿ ಉಳಿಯುವುದು 85 ಲೀಟರ್. ನನ್ನ ಮುಕ್ಕಾಲಿ ಬಿಡಿ, ಗೂಟದ ಚೀಲವೂ ಸರಿಯಾಗಿ ಕೂರುವುದಿಲ್ಲ. ಸೀಟು ಮಡಚಿಯೇ ಓಡಾಡಬೇಕು. 2023ರಲ್ಲಿ ಬಂದ ಐದು ಬಾಗಿಲಿನ ಮಾದರಿಯ ವೀಲ್‌ಬೇಸ್ 340 ಮಿಲಿಮೀಟರ್ ಹೆಚ್ಚು, ಕೆಲಸಕ್ಕೆ ಅದೇ ವಾಸಿ. ಸಂಸಾರ ಸಮೇತ ಹೆದ್ದಾರಿಯಲ್ಲಿ ಓಡಾಡುವವರು ಕಾರುಗಳ ಸುರಕ್ಷತೆ ಪರೀಕ್ಷಿಸುವ ಯೂರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 2018ರಲ್ಲಿ ಈ ಗಾಡಿಗೆ ಐದರಲ್ಲಿ ಮೂರೇ ನಕ್ಷತ್ರ ಕೊಟ್ಟಿದ್ದನ್ನೂ ಗಮನಿಸಬೇಕು. ಗಟ್ಟಿ ಆ್ಯಕ್ಸಲ್‌ನ ಕುಲುಕಾಟವಂತೂ ತಲೆಮಾರು ಬದಲಾದರೂ ಬದಲಾಗಿಲ್ಲ. ಟೋಟಲ್ ಸ್ಟೇಷನ್ ಪೆಟ್ಟಿಗೆಯನ್ನು ನಾನು ಸಹಾಯಕನ ತೊಡೆಯ ಮೇಲೆ ಇಡಿಸುತ್ತೇನೆ, ಅವನಿಗೆ ಅದು ಇಷ್ಟವಿಲ್ಲ.

ಇಷ್ಟಾದರೂ ಬೇಡಿಕೆ ಮಾತ್ರ ಹುಚ್ಚು ಹಿಡಿದಂತಿದೆ. 2025ರ ಆರಂಭದಲ್ಲಿ ಐದು ಬಾಗಿಲಿನದು ನೊಮೇಡ್ ಎಂಬ ಹೆಸರಿನಲ್ಲಿ ಜಪಾನಿಗೆ ಬಂದಾಗ ಕೆಲವೇ ದಿನಗಳಲ್ಲಿ ಸುಮಾರು 50,000 ಬುಕಿಂಗ್ ಬಂದು, ಕಂಪನಿಯೇ ಬುಕಿಂಗ್ ನಿಲ್ಲಿಸಬೇಕಾಯಿತು. ಹೀಗೆ ಕಾದು ಕೊಂಡವರು ಗಾಡಿಯನ್ನು ತೆಗಳುವುದು ಕಷ್ಟ. ಹೊಸ ಜಿಮ್ನಿಯ ಬಗ್ಗೆ ಅದರ ಹೊಸ ಮಾಲೀಕರು ಹೇಳುವುದನ್ನು ನಾನು ಅರ್ಧ ಮಾತ್ರ ನಂಬುತ್ತೇನೆ, ಹತ್ತು ವರ್ಷ ಕಳೆದ ಮೇಲೆ ಅವರ ನಕಲ್ ಸೀಲ್‌ಗಳು ಏನು ಹೇಳುತ್ತವೋ ಅದನ್ನು ಪೂರ್ತಿ ನಂಬುತ್ತೇನೆ.

ಹಾಗಾದರೆ ಇದು ನಂಬಬಹುದಾದ ಗಾಡಿಯೇ? ನನ್ನ ಮಟ್ಟಿಗೆ ಹೌದು. ಇದರಲ್ಲಿ ಕೆಡುವುದೇನೆಂದು ಮೊದಲೇ ಗೊತ್ತು. ಕೆಡುವ ಮುಂಚೆ ಸದ್ದು, ಜಿಡ್ಡು, ನಡುಕ, ಮಿಣುಕು ದೀಪ ಹೀಗೆ ಏನಾದರೊಂದು ಕಾಣಿಸುತ್ತದೆ. ಕೆಟ್ಟದ್ದನ್ನು ಸಾಧಾರಣ ಗ್ಯಾರೇಜಿನ ಜಾಣ ಮೆಕ್ಯಾನಿಕ್ ಕಂಪ್ಯೂಟರ್ ಇಲ್ಲದೆ ಸರಿಮಾಡಬಲ್ಲರು. ನೋಡಿಕೊಳ್ಳಲು ಪುರುಸೊತ್ತಿಲ್ಲ, ಕೀಲಿ ತಿರುಗಿಸಿದರೆ ಹೊರಡಬೇಕು ಅಷ್ಟೇ ಎನ್ನುವವರಿಗೆ ಹಳೆಯ ಜಿಮ್ನಿಯನ್ನು ನಾನು ಹೇಳುವುದಿಲ್ಲ.

ಕೊಳ್ಳಲು ಹೊರಟವರು ಬಣ್ಣ ನೋಡುವ ಮೊದಲು ಟಾರ್ಚ್ ಹಿಡಿದು ತಳಕ್ಕೆ ನುಗ್ಗಿ ತುಕ್ಕು ನೋಡಿ. ಜ್ಯಾಕ್ ಹಾಕಿಸಿ ಚಕ್ರ ಅಲ್ಲಾಡಿಸಿ. ಎಂಬತ್ತರವರೆಗೆ ಓಡಿಸಿ, ಸ್ಟೀರಿಂಗ್ ಮೇಲೆ ಕೈ ಸಡಿಲವಾಗಿಟ್ಟು ನೋಡಿ. ಸ್ಪ್ರಿಂಗ್ ಎತ್ತರಿಸಿದ್ದರೆ ಕ್ಯಾಸ್ಟರ್‌ಗೆ ಏನು ಮಾಡಿದ್ದೀರಿ ಎಂದು ಕೇಳಿ, ಉತ್ತರ ಬರದಿದ್ದರೆ ಇನ್ನೊಂದು ಗಾಡಿ ಹುಡುಕಿ. ಕೊನೆಗೆ ಜಲ್ಲಿಯ ನೆಲದ ಮೇಲೆ ಫೋರ್ ವೀಲ್ ಹಾಕಿ ಮೆಲ್ಲಗೆ ಪೂರ್ತಿ ತಿರುಗಿಸಿ. ಗಾಡಿ ಬಿಗಿದುಕೊಂಡು ತಡೆತಡೆದು ತಿರುಗಿದರೆ ಹಬ್‌ಗಳು ಲಾಕ್ ಆಗಿವೆ ಎಂದು ಅರ್ಥ, ಸಲೀಸಾಗಿ ತಿರುಗಿದರೆ ಆಗಿಲ್ಲ. ಈ ಗಾಡಿಯಲ್ಲಿ ಒಮ್ಮೆಯೂ ಫೋರ್ ವೀಲ್ ಹಾಕಿಯೇ ಇಲ್ಲ ಸ್ವಾಮಿ, ಹೊಸದರ ಹಾಗಿದೆ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ಈ ಕೊನೆಯ ಪರೀಕ್ಷೆಯಿಂದಲೇ ಶುರುಮಾಡಿ.